ಆಕ್ಯುಪ್ರೆಶರ್: ವರ್ಷಗಟ್ಟಲೆ ಬಳಸಿದ ಮೇಲೆ ಹೇಳುತ್ತಿದ್ದೇನೆ

ಕತ್ತು ಬಿಗಿಯುವುದು, ಅದರಿಂದ ಏಳುವ ತಲೆನೋವು, ಕೆಲಸದ ಒತ್ತಡ. ಈ ಮೂರಕ್ಕೂ ನಾನು ಕೆಲವು ವರ್ಷಗಳಿಂದ ಆಕ್ಯುಪ್ರೆಶರ್, ಅಂದರೆ ಮೈಮೇಲಿನ ಕೆಲವು ಗೊತ್ತಾದ ಜಾಗಗಳನ್ನು (ಪಾಯಿಂಟ್‌ಗಳನ್ನು) ಒತ್ತುವ ಪದ್ಧತಿ, ಮಾಡಿಕೊಳ್ಳುತ್ತಿದ್ದೇನೆ. ಜಾಸ್ತಿ ಕೈಯಿಂದಲೇ. ಜೊತೆಗೆ ಮುಳ್ಳಿನ ಮ್ಯಾಟ್, ಅಂಗಾಲಿಗೆ ಮರದ ರೋಲರ್, ಮಣಿಕಟ್ಟಿಗೆ ಹಾಕುವ ಬ್ಯಾಂಡ್ ಎಲ್ಲವನ್ನೂ ಬಳಸಿ ನೋಡಿದ್ದೇನೆ. ಇವತ್ತಿಗೂ ದಿನಾ ಕೆಲಸಕ್ಕೆ ಬರುತ್ತಿರುವುದು ನನ್ನ ಎರಡು ಹೆಬ್ಬೆರಳು ಮತ್ತು ಆ ಮ್ಯಾಟ್.

ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ 361 ಪಾಯಿಂಟ್‌ಗಳಿವೆ. ಅಷ್ಟೂ ಕಲಿಯಬೇಕು ಅಂತ ಹೆದರಬೇಡಿ. ನನಗೆ ನಾಲ್ಕೈದೇ ಸಾಕಾಗಿವೆ.

ಅದರಲ್ಲಿ ಒಂದಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಚಾರ್ಟ್‌ಗಳಲ್ಲಿ ಅದನ್ನು ಜಿಬಿ 20 ಅಂತ ಬರೆದಿರುತ್ತಾರೆ. ತಲೆಬುರುಡೆಯ ಬುಡದಲ್ಲಿ, ಕತ್ತಿನ ಹಿಂದಿನ ದಪ್ಪ ಸ್ನಾಯುಗಳ ಹೊರಬದಿಗೆ, ಎರಡೂ ಕಡೆ ಒಂದೊಂದು ಗುಳಿ ಕೈಗೆ ಸಿಗುತ್ತದೆ. ಕೈಬೆರಳುಗಳನ್ನು ಹೆಣೆದು ತಲೆಯ ಹಿಂದೆ ಇಡಿ. ಹೆಬ್ಬೆರಳುಗಳನ್ನು ಆ ಗುಳಿಗಳಿಗೆ ಕೊಟ್ಟು, ತಲೆಯನ್ನು ಮೆಲ್ಲಗೆ ಹಿಂದಕ್ಕೆ ಬಿಡಿ. ತಲೆಯ ಭಾರವೇ ಒತ್ತಬೇಕು, ಬೆರಳಿಗೆ ಶ್ರಮ ಬೇಡ. ಒತ್ತಡ ಮೇಲ್ಮುಖವಾಗಿ, ಕಣ್ಣಿನ ಕಡೆಗೆ ಹೋಗುವ ಹಾಗಿರಲಿ. ಸರಿಯಾದ ಜಾಗ ಸಿಕ್ಕಿತೋ, ನೋವು ಹಣೆಯವರೆಗೆ ಹರಿದ ಹಾಗಾಗುತ್ತದೆ. ಆಗ ಒತ್ತಡ ಹೆಚ್ಚಿಸದೆ ಹಾಗೇ ಹಿಡಿದು, ಉಸಿರನ್ನು ಉದ್ದಕ್ಕೆ ಬಿಡುತ್ತಾ ಹೋಗಿ. ಒಂದೆರಡು ನಿಮಿಷದಲ್ಲಿ ಬೆರಳ ಕೆಳಗಿನ ಸ್ನಾಯು ಸಡಿಲವಾಗುವುದು ಗೊತ್ತಾಗುತ್ತದೆ. ಭುಜ ತಾನಾಗಿಯೇ ಕೆಳಗಿಳಿಯುತ್ತದೆ.

ತಲೆನೋವು ಶುರುವಾಗುವ ಹೊತ್ತಿಗೇ ಹೀಗೆ ಮಾಡಿದರೆ ನನಗೆ ಬಹಳ ಸಲ ಅದು ಅಲ್ಲಿಗೇ ಇಳಿದಿದೆ. ಪೂರ್ತಿ ಏರಿದ ಮೇಲೆ ಒತ್ತಿದರೆ ಸ್ವಲ್ಪ ಹಗುರಾಗುತ್ತದೆ, ಅಷ್ಟೇ.

ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಪಾಯಿಂಟ್ ಎಲ್ಲರಿಗೂ ಗೊತ್ತಿರುವುದೇ ಅಲ್ವಾ? ಎಲ್‌ಐ 4. ಮೀಟಿಂಗ್‌ನಲ್ಲಿ ಕೂತಾಗಲೂ ಯಾರಿಗೂ ಕಾಣದಂತೆ ಒತ್ತಿಕೊಳ್ಳಬಹುದು. ನನಗೆ ಇದರ ಪರಿಣಾಮ ಬೇಗ ಕರಗುತ್ತದೆ. ಗರ್ಭಿಣಿಯರು ಈ ಪಾಯಿಂಟ್ ಒತ್ತಬಾರದು ಅನ್ನುವುದು ಈ ಪದ್ಧತಿಯವರೇ ಹೇಳುತ್ತಾ ಬಂದಿರುವ ಎಚ್ಚರಿಕೆ. ದಯವಿಟ್ಟು ಪಾಲಿಸಿ.

ಬ್ಯಾಂಡ್ ಒತ್ತುವುದು ಪಿಸಿ 6 ಅನ್ನು. ಮಣಿಕಟ್ಟಿನ ಗೆರೆಯಿಂದ ಮೊಣಕೈ ಕಡೆಗೆ ಮೂರು ಬೆರಳು ಮೇಲೆ, ಒಳಬದಿಯಲ್ಲಿ, ಎರಡು ಸ್ನಾಯುರಜ್ಜುಗಳ ನಡುವೆ. ಪ್ರಯಾಣದ ವಾಕರಿಕೆಗೆ ಹಾಕಿಕೊಂಡೆ. ಕೆಲವೊಮ್ಮೆ ಹಿಡಿಸಿತು, ಕೆಲವೊಮ್ಮೆ ಇಲ್ಲ. ಆದರೆ ಸಂಶೋಧನೆ ಹೆಚ್ಚು ನಡೆದಿರುವ ಪಾಯಿಂಟ್‌ಗಳಲ್ಲಿ ಇದೂ ಒಂದು. ಆಪರೇಷನ್ ನಂತರದ ವಾಕರಿಕೆ, ವಾಂತಿ ಇದರಿಂದ ಕಡಿಮೆಯಾಗುತ್ತದೆ ಎಂದು, ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2015ರ ವಿಮರ್ಶೆ ಹೇಳಿತು. ಪುರಾವೆಯ ಗುಣಮಟ್ಟ ಕಡಿಮೆ ಅಂತಲೂ ಅದರಲ್ಲೇ ಇದೆ.

ಮುಳ್ಳಿನ ಮ್ಯಾಟ್ ನನಗೆ ನೋವಿಗಿಂತ ಕೆಲಸದ ಒತ್ತಡಕ್ಕೇ ಜಾಸ್ತಿ ಒದಗಿದೆ. ಬರಿ ಬೆನ್ನಲ್ಲಿ ಮಲಗಿದರೆ ಮೊದಲ ಕೆಲವು ನಿಮಿಷ ಚುಚ್ಚುತ್ತದೆ, ಎದ್ದುಬಿಡೋಣ ಅನಿಸುತ್ತದೆ. ಆಮೇಲೆ ಬೆನ್ನೆಲ್ಲ ಬೆಚ್ಚಗಾಗಿ ಕಣ್ಣು ಎಳೆಯುತ್ತದೆ. ಶುರುವಿನಲ್ಲಿ ತೆಳು ಬಟ್ಟೆ ಹಾಕಿಕೊಂಡೇ ಮಲಗಿ. ಎದ್ದಾಗ ಬೆನ್ನ ಮೇಲೆ ಕೆಂಪು ಚುಕ್ಕೆಗಳಿರುತ್ತವೆ, ತುಸು ಹೊತ್ತಿಗೆ ಮಾಯುತ್ತವೆ. ಕೊಳ್ಳುವುದಾದರೆ ಒಳಗಿನ ಫೋಮ್ ತೆಗೆದು ಕವರ್ ಒಗೆಯಲು ಬರುವಂಥದ್ದನ್ನೇ ಕೊಳ್ಳಿ. ಬೆವರು ಹಿಡಿದರೆ ಬಳಸಲು ಮನಸ್ಸೇ ಬರುವುದಿಲ್ಲ. ರೋಲರ್ ಅಂಗಾಲಿಗೆ ಹಾಯೆನಿಸುತ್ತದೆ. ಅಂಗಾಲಿನ ಒಂದೊಂದು ಜಾಗ ಒಂದೊಂದು ಅಂಗಕ್ಕೆ ಎಂದು ತೋರಿಸುವ ಅದರ ಡಬ್ಬಿಯ ಮೇಲಿನ ಚಿತ್ರದಂತೆ ಮೂತ್ರಪಿಂಡ, ಯಕೃತ್ತು ಎಲ್ಲ ಸರಿಹೋಗುತ್ತದೆ ಅನ್ನುವುದನ್ನು ನಾನು ನಂಬುವುದಿಲ್ಲ.

ಒಂದು ಕೇಂದ್ರಕ್ಕೂ ಹೋಗಿದ್ದೆ. ಅಲ್ಲಿ ನೀಲಿ ಕಲೆ ಬೀಳುವ ಹಾಗೆ ಒತ್ತಿದರು. "ತಡ್ಕೊಳ್ಳಿ, ಒಳಗಿನ ವಿಷ ಹೊರಗೆ ಹೋಗ್ತಿದೆ" ಅಂದರು. ನನಗೆ ನಿಜಕ್ಕೂ ಸಿಟ್ಟು ಬಂತು. ಚರ್ಮದ ಕೆಳಗೆ ರಕ್ತ ಒಸರಿದರೆ ಆಗುವುದೇ ಆ ಕಲೆ, ಅದರಲ್ಲಿ ವಿಷ ಹೋಗುವ ಮಾತೇ ಇಲ್ಲ. ಆರಾಮವಾಗಿ ಉಸಿರಾಡಲು ಬರುವಷ್ಟೇ ಒತ್ತಡ ಸಾಕು.

ಇದು ಹೇಗೆ ಕೆಲಸ ಮಾಡುತ್ತದೆ? ಚೀನೀ ಪದ್ಧತಿಯಲ್ಲಿ 'ಚಿ' ಎಂಬ ಜೀವಶಕ್ತಿ ಹರಿಯುವ ನಾಡಿಗಳ ಮಾತು ಬರುತ್ತದೆ. ನನಗೆ ಹೆಚ್ಚು ಒಪ್ಪಿಗೆಯಾಗುವುದು ನೋವಿನ ಬಗ್ಗೆ ಸಂಶೋಧನೆ ಮಾಡಿದ ಮೆಲ್ಜಾಕ್ ಮತ್ತು ವಾಲ್ 1965ರಲ್ಲಿ ಮುಂದಿಟ್ಟ ಗೇಟ್ ಸಿದ್ಧಾಂತ. ಸ್ಪರ್ಶದ, ಒತ್ತಡದ ಸಂದೇಶಗಳು ಬೆನ್ನುಹುರಿಯಲ್ಲೇ ನೋವಿನ ಸಂದೇಶವನ್ನು ತಗ್ಗಿಸಬಲ್ಲವು ಅನ್ನುತ್ತದೆ ಅದು. ಪೆಟ್ಟಾದ ಕೂಡಲೇ ನಾವು ಆ ಜಾಗವನ್ನು ಉಜ್ಜಿಕೊಳ್ಳುತ್ತೇವಲ್ಲ, ಅದೂ ಇದೇ.

ಹಠಾತ್ತನೆ ಬಂದ ಭಾರೀ ತಲೆನೋವು, ಎದೆನೋವು, ಕೈಕಾಲು ಜೋಮು ಹಿಡಿಯುವುದು, ಮಾತು ತೊದಲುವುದು, ಇವಕ್ಕೆ ಪಾಯಿಂಟ್ ಹುಡುಕುತ್ತಾ ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳಿಯೇ ಶುರು ಮಾಡಿ. ಉಬ್ಬಿದ ರಕ್ತನಾಳ, ಗಾಯ, ಊತ ಇರುವ ಕಡೆ ಒತ್ತಬೇಡಿ. ಕತ್ತಿನ ಹಿಂಭಾಗ ಸರಿ, ಆದರೆ ಮುಂದೆ ಗಂಟಲಿನ ಅಕ್ಕಪಕ್ಕ ಯಾವತ್ತೂ ಕೈ ಹಾಕಬೇಡಿ. ಮೆದುಳಿಗೆ ಹೋಗುವ ದೊಡ್ಡ ರಕ್ತನಾಳ ಅಲ್ಲೇ ಇದೆ.