ಕನ್ನಡ ಟಿಟಿಎಸ್‌ಗೆ ಸ್ವಯಂಸೇವಕರನ್ನು ಕರೆಯುವುದಿದ್ದರೆ: ಈಸ್ಪೀಕ್ ಎನ್‌ಜಿಯೋ, ಪೈಪರೋ?

ಎರಡೂ ಪಠ್ಯವನ್ನು ಓದಿ ಹೇಳುವ (ಟಿಟಿಎಸ್) ಮುಕ್ತ ತಂತ್ರಾಂಶಗಳು: ಈಸ್ಪೀಕ್ ಎನ್‌ಜಿ ನಿಯಮಗಳಿಂದ ದನಿ ಕಟ್ಟುತ್ತದೆ, ಪೈಪರ್ ರೆಕಾರ್ಡ್ ಮಾಡಿದ ಕಂಠದಿಂದ ಕಲಿಯುತ್ತದೆ. ಕಿವಿಗೆ ಇಂಪು ಪೈಪರೇ. ಆದರೂ ಹತ್ತು ಜನ ಬಿಡುವಿನಲ್ಲಿ ಕೈಹಾಕುವ ಕೆಲಸಕ್ಕೆ ನನ್ನ ಮತ ಈಸ್ಪೀಕ್ ಎನ್‌ಜಿಗೆ. ಅದರ ಉಚ್ಚಾರಣೆ ಹೆಚ್ಚಾಗಿ ಎರಡು ಸಾದಾ ಪಠ್ಯ ಫೈಲುಗಳಲ್ಲಿದೆ: ಒಂದರಲ್ಲಿ ಅಕ್ಷರಗಳನ್ನು ಓದುವ ನಿಯಮ, ಇನ್ನೊಂದರಲ್ಲಿ ನಿಯಮಕ್ಕೆ ಬಗ್ಗದ ಪದಗಳು. ಒಂದು ಸಾಲು ತಿದ್ದಿ ಕಂಪೈಲ್ ಮಾಡಿದರೆ ಆಗಲೇ ಕೇಳಬಹುದು. ದೊಡ್ಡಕ್ಷರದ ಎಕ್ಸ್ (-X) ಆಯ್ಕೆ ಕೊಟ್ಟರೆ ಯಾವ ನಿಯಮ ಗೆದ್ದಿತು ಅನ್ನುವುದೂ ತೆರೆಯ ಮೇಲೆ ಬರುತ್ತದೆ. ಹಳೇ ಲ್ಯಾಪ್‌ಟಾಪ್ ಸಾಕು.

ಪೈಪರ್‌ಗೆ ಗಂಟೆಗಟ್ಟಲೆ ರೆಕಾರ್ಡಿಂಗ್ ಬೇಕು: ಒಂದೇ ಕಂಠ, ಒಂದೇ ಮೈಕ್, ಒಂದೇ ಕೋಣೆ; ಮಧ್ಯಮ ಗುಣಮಟ್ಟಕ್ಕೆ 22,050 ಹರ್ಟ್ಸ್, ಮೋನೊ. ಓದುವವರು ಒಬ್ಬರೇ ಆದ್ದರಿಂದ ಉಳಿದ ಒಂಬತ್ತು ಜನರಿಗೆ ತಪ್ಪು ಹೆಕ್ಕುವ ಕೆಲಸ. ಮಾದರಿಗೆ ತರಬೇತಿ ಕೊಡಲು ಜಿಪಿಯು ಬಾಡಿಗೆ ಬೇರೆ.

ಅಂಕಿಗಳ ವಿಷಯದಲ್ಲಿ ಎಚ್ಚರ. ಸಾಲಿನಲ್ಲಿ ‘24ರಲ್ಲಿ’ ಎಂದಿದ್ದರೆ ಓದುವವರು ‘ಇಪ್ಪತ್ನಾಲ್ಕರಲ್ಲಿ’ ಎಂದು ಸೇರಿಸಿ ಓದುತ್ತಾರೆ. ಯಂತ್ರ ಅದನ್ನು ‘ಇಪ್ಪತ್ನಾಲ್ಕು, ರಲ್ಲಿ’ ಎಂದು ಒಡೆದರೆ ಧ್ವನಿಗೂ ಪಠ್ಯಕ್ಕೂ ತಾಳ ತಪ್ಪುತ್ತದೆ. ರೆಕಾರ್ಡಿಂಗಿಗೆ ಕೊಡುವ ಸಾಲುಗಳಲ್ಲಿ ಅಂಕಿಗಳನ್ನು ಅಕ್ಷರದಲ್ಲೇ ಬರೆದುಬಿಡಿ.

ಈಸ್ಪೀಕ್ ದಾರಿಯಲ್ಲಿ ತಲೆ ತಿನ್ನುವುದು ಕಣ್ಣಿಗೆ ಕಾಣದ ಅಕ್ಷರ. ‘ಬಸ್’ ಎಂಬುದಕ್ಕೆ ಮೂರು ಸಂಕೇತ: ಬ, ಸ, ವಿರಾಮ (ಸ್ವರ ಕಳೆಯುವ ‘್’ ಗುರುತು). ಕೆಲವರು ಕೊನೆಗೆ ಯುನಿಕೋಡ್ 200ಸಿಯನ್ನೂ (ಒತ್ತಕ್ಷರವಾಗದಂತೆ ತಡೆಯುವ ಕಾಣದ ಸಂಕೇತ) ಒತ್ತಿರುತ್ತಾರೆ, ಆಗ ನಾಲ್ಕು. ನೋಡಲು ವ್ಯತ್ಯಾಸವೇ ಇಲ್ಲ. ಪಟ್ಟಿಯಲ್ಲಿ ಮಾತ್ರ ಒಂದೇ ಪದ ಎರಡು ಸಲ ಕೂರುತ್ತದೆ, ಪೂರ್ತಿ ಪದವಾಗಿ ಹುಡುಕಿದರೆ ಒಂದೇ ಸಿಗಬಹುದು, ತಿದ್ದಿದ್ದು ಕೆಲವೊಮ್ಮೆ ಕೇಳಿಸುವುದೇ ಇಲ್ಲ.

‘ಕೊ’ದ ಕಥೆಯೂ ಇದೇ: ಕ ಮತ್ತು ೊ ಎಂದು ಎರಡು ಸಂಕೇತವಾಗಿ ಬರಬಹುದು, ಕ, ೆ, ೂ ಎಂದು ಮೂರಾಗಿಯೂ ಬರಬಹುದು. ಇದನ್ನು ಯುನಿಕೋಡ್ ಪಠ್ಯವನ್ನು ಏಕರೂಪಕ್ಕೆ ತರುವ ವಿಧಾನವಾದ ಎನ್‌ಎಫ್‌ಸಿ ಸರಿಮಾಡುತ್ತದೆ, 200ಸಿಯನ್ನು ಅದು ಮುಟ್ಟುವುದಿಲ್ಲ. ಹಾಗಾಗಿ ಬಂದ ಪ್ರತಿ ಸಾಲನ್ನೂ ಮೊದಲು ಎನ್‌ಎಫ್‌ಸಿಗೆ ತಂದು, ಪದದ ತುದಿಯ 200ಸಿಯನ್ನು ಕತ್ತರಿಸಿ, ಆಮೇಲೆ ಸೇರಿಸಿಕೊಳ್ಳಿ. ನಡುವಿನದ್ದು ಹಾಗೇ ಇರಲಿ. ಇಲ್ಲದಿದ್ದರೆ ‘ಬಸ್‌ಗೆ’ ಹೋಗಿ ‘ಬಸ್ಗೆ’ ಆಗುತ್ತದೆ.

ಪರವಾನಗಿ: ಈಸ್ಪೀಕ್ ಎನ್‌ಜಿ ಜಿಪಿಎಲ್ 3. ಪೈಪರ್ ಮೊದಲು ಎಂಐಟಿ ಇತ್ತು, ಈಗಿನ ಕವಲು ಜಿಪಿಎಲ್. ಧ್ವನಿ ಕೊಟ್ಟವರಿಂದ ಬರವಣಿಗೆಯಲ್ಲಿ ಒಪ್ಪಿಗೆ ಪಡೆಯುವುದು ಬೇರೆಯೇ ಕೆಲಸ.

ಪಠ್ಯವನ್ನು ಧ್ವನಿಮಾಗಳಾಗಿ (ಮಾತಿನ ಬಿಡಿ ದನಿಗಳಾಗಿ) ಒಡೆಯಲು ಪೈಪರ್ ಕರೆಯುವುದೂ ಈಸ್ಪೀಕ್ ಎನ್‌ಜಿಯನ್ನೇ. ಇಂದು ತಿದ್ದಿದ ಪದ ನಾಳಿನ ಇಂಪಾದ ಕಂಠಕ್ಕೂ ಸಲ್ಲುತ್ತದೆ. ಕಥೆ ಕೇಳಿಸುವ ಆ್ಯಪ್ ಬೇಕು, ಜಿಪಿಯುಗೆ ದುಡ್ಡೂ ಇದೆ ಅನ್ನುವವರು ಪೈಪರ್ ಹಿಡಿಯಲಿ. ಎನ್‌ವಿಡಿಎಯಲ್ಲಿ (ತೆರೆಯನ್ನು ಓದಿ ಹೇಳುವ ತಂತ್ರಾಂಶ) ದಿನವಿಡೀ ವೇಗವಾಗಿ ಕೇಳುವ ಹಲವರಿಗೆ ಈಸ್ಪೀಕ್‌ನ ಯಂತ್ರದಂಥ ದನಿಯೇ ಹೆಚ್ಚು ಸ್ಪಷ್ಟ.