ಗುಟ್ಟಾಗಿ ಕಳಿಸ್ತೀವಿ ಅಂದವರು ನನ್ನ 0.2 ಬಿಟ್‌ಕಾಯಿನ್ ನುಂಗಿದರು. ನೀವು ಬೀಳಬೇಡಿ

ಇದನ್ನು ಬರೆಯೋಕೆ ಮೂರು ವಾರ ಬೇಕಾಯಿತು. ನಾಚಿಕೆ, ಇನ್ನೇನು. ಎಂಟು ವರ್ಷದಿಂದ ಬಿಟ್‌ಕಾಯಿನ್ ಇಟ್ಟುಕೊಂಡವನು, ಹತ್ತಾರು ಜನಕ್ಕೆ ವಾಲೆಟ್ ಹಾಕಿಕೊಟ್ಟು ಬುದ್ಧಿ ಹೇಳಿದವನು, ಹೀಗೆ ಟೋಪಿ ಹಾಕಿಸಿಕೊಂಡೆ ಅಂತ ಯಾವ ಬಾಯಲ್ಲಿ ಹೇಳಲಿ? ಆದರೆ ನಿನ್ನೆ ನೋಡಿದರೆ ಯಾರ ಕಾಯಿನ್ ಎಲ್ಲಿಂದ ಬಂತು ಅಂತ ಗೊತ್ತಾಗದ ಹಾಗೆ ಬೆರೆಸಿಕೊಡ್ತೀವಿ ಅನ್ನೋ ಆ "ಮಿಕ್ಸರ್" ಸೈಟು ಇನ್ನೂ ನಡೆಯುತ್ತಿದೆ. ಹೆಸರು ಬೇರೆ, ಬಣ್ಣ ಬೇರೆ, ಒಳಗಿನ ಬರಹ ಅಕ್ಷರ ಬಿಡದೆ ಅದೇ. ಹೊಟ್ಟೆ ಉರಿದುಹೋಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಎಲ್ಲ ಶುರುವಾಗಿದ್ದು ಒಂದು ಲೋಗೋದಿಂದ. ಡಿಸೈನರ್ ಒಬ್ಬ 0.005 ಬಿಟ್‌ಕಾಯಿನ್ ಕೇಳಿದ. ನಾನು ಚೌಕಾಸಿ ಮಾಡಿ 0.004ಕ್ಕೆ ಇಳಿಸಿದೆ. "ಸದ್ಯಕ್ಕೆ ಕೈ ಸ್ವಲ್ಪ ಬಿಗಿ ಇದೆ" ಅಂತ ಬೇರೆ ಹೇಳಿದ್ದೆ. ಕೆಲಸ ಚೆನ್ನಾಗಿಯೇ ಮಾಡಿಕೊಟ್ಟ. ವಾಲೆಟ್ ತೆರೆದೆ, ಅವನ ಅಡ್ರೆಸ್ ಹಾಕಿದೆ, ಕಳಿಸಿದೆ. ಎಲ್ಲರೂ ಮಾಡೋ ಹಾಗೆ.

ಸ್ವಲ್ಪ ಹೊತ್ತಿಗೆ ಅವನಿಂದ ಒಂದು ಸ್ಕ್ರೀನ್‌ಶಾಟ್ ಬಂತು, ಬಿಟ್‌ಕಾಯಿನ್ ವ್ಯವಹಾರ ಯಾರು ಬೇಕಾದರೂ ನೋಡಬಹುದಾದ ಎಕ್ಸ್‌ಪ್ಲೋರರ್ ಸೈಟಿನದು. ಎಡಗಡೆ ನನ್ನ ಅಡ್ರೆಸ್‌ನಿಂದ ಹೊರಟ 0.31. ಬಲಗಡೆ ಎರಡು ಸಾಲು, 0.004 ಮತ್ತು 0.30598. ಎರಡನೆಯ ಸಾಲಿನ ಸುತ್ತ ಬೆರಳಲ್ಲಿ ಎಳೆದ ಸೊಟ್ಟ ಕೆಂಪು ಗೆರೆ. ಕೆಳಗೆ ಒಂದೇ ಮಾತು: "ಕೈ ಬಿಗಿ ಅಂದ್ರಲ್ಲ ಸರ್?"

ಮುಖಕ್ಕೆ ಹೊಡೆದ ಹಾಗಾಯಿತು.

ಗೊತ್ತಿಲ್ಲದ ವಿಷಯವೇನಲ್ಲ ಇದು. ಬಿಟ್‌ಕಾಯಿನ್ ಬ್ಯಾಂಕ್ ಖಾತೆ ಥರ ಅಲ್ಲ, ನೋಟುಗಳ ಥರ. ಚಿಕ್ಕ ಮೊತ್ತ ಕೊಡಬೇಕಾದರೂ ಇಡೀ ನೋಟು ಮುರಿಯುತ್ತೆ, ಚಿಲ್ಲರೆ ವಾಪಸ್ ಬರುತ್ತೆ. ವಾಲೆಟ್ ಆ ಚಿಲ್ಲರೆಯನ್ನು ನನ್ನದೇ ಹೊಸ ಅಡ್ರೆಸ್‌ಗೆ ಹಾಕಿತ್ತು, ನಿಜ. ಆದರೆ ತನಗೆ ಬಂದದ್ದು ಯಾವುದು ಅಂತ ಅವನಿಗೆ ಗೊತ್ತಲ್ವಾ? ಉಳಿದಿದ್ದು ನನ್ನದು. ಇದಕ್ಕೆ ಪತ್ತೇದಾರ ಬೇಕಾ? 2010ರಲ್ಲಿ ಯಾರೋ ಎರಡು ಪಿಜ್ಜಾಗೆ ಕೊಟ್ಟ 10,000 ಬಿಟ್‌ಕಾಯಿನ್ ಲೆಕ್ಕ ಇವತ್ತಿಗೂ ಯಾರು ಬೇಕಾದರೂ ತೆಗೆದು ನೋಡಬಹುದು ಅಂತ ನಾನೇ ಜನಕ್ಕೆ ಹೇಳುತ್ತಿದ್ದೆ. ಪ್ರತಿ ವ್ಯವಹಾರಕ್ಕೂ ಹೊಸ ಕೀ, ಅಂದರೆ ಹೊಸ ಅಡ್ರೆಸ್ ಬಳಸಿ ಅಂತ ಬಿಟ್‌ಕಾಯಿನ್ ಹುಟ್ಟುಹಾಕಿದ ಸತೋಶಿ 2008ರಲ್ಲೇ ಬರೆದಿಟ್ಟದ್ದನ್ನೂ ನಾನೇ ಹೇಳುತ್ತಿದ್ದೆ. ಹೇಳಿದವನು ಮಾಡಿದ್ದೇನು? ವರ್ಷಗಟ್ಟಲೆ ಎಲ್ಲರಿಗೂ ಒಂದೇ ಅಡ್ರೆಸ್ ಕೊಟ್ಟೆ. ಆ 0.31 ಕೂತಿದ್ದು ಅಲ್ಲೇ. ಯಾವ ತಿಂಗಳು ಎಷ್ಟು ಬಂತು ಅನ್ನೋದು ಅವನಿಗೆ ಸಾಲಾಗಿ ಕಂಡಿರುತ್ತೆ.

"ಮೊದಲು ಹೇಳಿದ ರೇಟೇ ಕೊಟ್ಟುಬಿಡಿ ಸರ್, ಇನ್ನೊಂದು 0.001" ಅಂದ. ಅವಮಾನಕ್ಕೆ ಕಳಿಸಿಬಿಟ್ಟೆ. ಎಲ್ಲಿಂದ? ಅದೇ ಚಿಲ್ಲರೆಯಿಂದ! ಇನ್ನೊಂದು ಹೆಜ್ಜೆ ಗುರುತನ್ನು ನಾನೇ ಮೂಡಿಸಿ ಕೊಟ್ಟ ಹಾಗಾಯಿತು. ಆಮೇಲೆ ಮೂರು ದಿನಕ್ಕೊಮ್ಮೆ ಮೆಸೇಜು. "ಸರ್, ಸ್ವಲ್ಪ ಸಾಲ ಸಿಗುತ್ತಾ?" "ಸರ್, ಆ ದುಡ್ಡು ಸುಮ್ನೆ ಇಟ್ಟಿದ್ದೀರಲ್ಲ." ಬೆದರಿಕೆ ಅಂತ ಹೇಳಲಾಗದು. ಆದರೆ ನನ್ನ ಜೇಬು ತೆರೆದು ಒಬ್ಬ ಎದುರಿಗೆ ಕೂತಿದ್ದಾನೆ ಅನ್ನಿಸುತ್ತಿತ್ತು. ನಿದ್ದೆ ಬರುತ್ತಿರಲಿಲ್ಲ.

ಆ ನಿದ್ದೆ ಬಾರದ ರಾತ್ರಿಯಲ್ಲೇ ಮಿಕ್ಸರ್ ಹುಡುಕಿದ್ದು. ಹುಡುಕಾಟದಲ್ಲಿ ಮೊದಲು ಬಂದದ್ದನ್ನೇ ಒತ್ತಿದೆ. ಅದು ಜಾಹೀರಾತು ಅನ್ನೋದನ್ನೂ ಗಮನಿಸಲಿಲ್ಲ. ಮುಖಪುಟದಲ್ಲಿ ದಪ್ಪಕ್ಷರ: "ಹೆಸರು ಬೇಡ, ದಾಖಲೆ ಬೇಡ, ಪ್ರಶ್ನೆ ಇಲ್ಲ." ಕಮಿಷನ್ 2 ಶೇಕಡಾ. ಡಿಜಿಟಲ್ ಸಹಿ ಮಾಡಿದ ಖಾತರಿ ಪತ್ರ ಬೇರೆ ಕೊಡುತ್ತಾರೆ. ಅದನ್ನು ಜೋಪಾನವಾಗಿ ಉಳಿಸಿಕೊಂಡೆ. ಸಹಿ ನಿಜವಾ ಅಂತ ವಾಲೆಟ್‌ನಲ್ಲೇ ಪರೀಕ್ಷೆ ಮಾಡಬಹುದಿತ್ತು. ಮಾಡಲಿಲ್ಲ. ಎರಡು ನಿಮಿಷದ ಕೆಲಸ. ಮಾಡಲಿಲ್ಲ.

ಜಾಣ ಅಲ್ವಾ ನಾನು, ಮೊದಲು 0.01 ಮಾತ್ರ ಕಳಿಸಿದೆ. ಎರಡು ಗಂಟೆಯಲ್ಲಿ 0.0098 ಹೊಸ ಅಡ್ರೆಸ್‌ಗೆ ಬಂದು ಬಿತ್ತು. ಖುಷಿಯೋ ಖುಷಿ. ಬೆಳಗಿನ ಜಾವ 0.2 ಕಳಿಸಿದೆ.

ಆಮೇಲೆ ಏನೂ ಇಲ್ಲ.

ಮಧ್ಯಾಹ್ನ ಕೇಳಿದರೆ, "ನಿಮ್ಮ ಹಣ ಸುರಕ್ಷಿತವಾಗಿದೆ. ಕನ್ಫರ್ಮೇಷನ್‌ಗೆ ಕಾಯುತ್ತಿದ್ದೇವೆ." ಕನ್ಫರ್ಮೇಷನ್ ಅಂದರೆ ವ್ಯವಹಾರ ಪಕ್ಕಾ ಅಂತ ನೆಟ್‌ವರ್ಕ್ ಒತ್ತೋ ಮುದ್ರೆ. ಆರು ಆದರೆ ಸಾಕು ಅನ್ನೋದು ಆಗಲೇ 40 ದಾಟಿತ್ತು. ಹಾಗಂತ ಬರೆದೆ. ಬಂದ ಉತ್ತರ: "ನಿಮ್ಮ ಹಣ ಸುರಕ್ಷಿತವಾಗಿದೆ. ಕನ್ಫರ್ಮೇಷನ್‌ಗೆ ಕಾಯುತ್ತಿದ್ದೇವೆ."

ಮರುದಿನ ಧಾಟಿ ಬದಲಾಯಿತು. "ಮೊತ್ತ ದೊಡ್ಡದಾದ್ದರಿಂದ ಅಕ್ರಮ ಹಣದ ತಪಾಸಣೆಗೆ ಒಳಪಟ್ಟಿದೆ. ಗುರುತಿನ ಚೀಟಿ ಕೈಯಲ್ಲಿ ಹಿಡಿದು ಸೆಲ್ಫಿ ಕಳಿಸಿ."

ಗುರುತು ಮರೆಸಿಕೊಳ್ಳೋಕೆ ಹೋದವನಿಗೆ ಗುರುತಿನ ಚೀಟಿ ಕೇಳುತ್ತಾರೆ! ಅಲ್ರೀ, ದಾಖಲೆ ಬೇಡ ಅಂತ ನೀವೇ ಬರೆದಿದ್ದೀರಲ್ಲ ಅಂದೆ. "ಅದು ಸಾಮಾನ್ಯ ಗ್ರಾಹಕರಿಗೆ" ಅಂದರು. ನಾನು ಯಾವಾಗ ವಿಶೇಷ ಗ್ರಾಹಕನಾದೆನೋ.

ಮೂರನೆಯ ದಿನ: "ಸೆಲ್ಫಿ ಇಷ್ಟವಿಲ್ಲದಿದ್ದರೆ 0.05 ಭದ್ರತಾ ಠೇವಣಿ ಕಟ್ಟಿ. ಒಟ್ಟಿಗೆ 0.25 ವಾಪಸ್ ಬರುತ್ತದೆ." ಇದನ್ನು ಓದಿ ನಗುತ್ತಿದ್ದೀರಿ ಅಲ್ವಾ? ನಾನು ಅವರು ಕೊಟ್ಟ ಅಡ್ರೆಸ್ ಹಾಕಿ, 0.05 ಅಂತ ಟೈಪ್ ಮಾಡಿ ಕೂತಿದ್ದೆ. ಹೋದದ್ದು ಬರುತ್ತೆ ಅನ್ನೋ ಆಸೆ ಅಷ್ಟು ಕೆಟ್ಟದ್ದು. ತಡೆದದ್ದು ನನ್ನ ಬುದ್ಧಿಯಲ್ಲ. ಲ್ಯಾಪ್‌ಟಾಪ್ ಚಾರ್ಜ್ ಮುಗಿದು ಆರಿಹೋಯಿತು. ಚಾರ್ಜರ್ ಹುಡುಕಿ ಸಿಕ್ಕಿಸೋ ಹೊತ್ತಿಗೆ ತಲೆ ಸ್ವಲ್ಪ ತಣ್ಣಗಾಗಿತ್ತು.

ಆಗ ಆ ಖಾತರಿ ಪತ್ರದ ಸಹಿ ಪರೀಕ್ಷಿಸಿದೆ. ತಪ್ಪು ಸಹಿ ಅಂತ ಬಂತು. ಆಮೇಲೆ ನನಗೆ "ಮಿಕ್ಸ್" ಆಗಿ ಬಂದಿದ್ದ 0.0098 ಎಲ್ಲಿಂದ ಬಂತು ಅಂತ ಎಕ್ಸ್‌ಪ್ಲೋರರ್‌ನಲ್ಲಿ ಹಿಂದಕ್ಕೆ ಹೋದೆ. ಎರಡೇ ಹೆಜ್ಜೆ. ನಾನು ಕಳಿಸಿದ ಅದೇ 0.01, ಕಮಿಷನ್ ಕತ್ತರಿಸಿ, ಒಂದು ಸುತ್ತು ಹೊಡೆಸಿ ನನಗೇ ಕೊಟ್ಟಿದ್ದಾರೆ. ಏನನ್ನೂ ಬೆರೆಸಿರಲಿಲ್ಲ. ಖುಷಿಪಟ್ಟ ರಾತ್ರಿಯೇ ಇದನ್ನು ನೋಡಿದ್ದರೆ 0.2 ಉಳಿಯುತ್ತಿತ್ತು. ಆ 0.2 ಈಗ ಇನ್ನೂ ಹದಿನೇಳು ತುಂಡುಗಳ ಜೊತೆ ಒಂದೇ ಅಡ್ರೆಸ್‌ಗೆ ಗುಡಿಸಿ ಹೋಗಿದೆ. ಅವೆಲ್ಲ ನನ್ನಂಥವರದ್ದೇ ಇರಬೇಕು. ಕಣ್ಣಿಗೆ ಕಾಣುತ್ತೆ, ಕೈಗೆ ಸಿಗಲ್ಲ. ಒಮ್ಮೆ ಕಳಿಸಿದ್ದು ಹಿಂತಿರುಗಿಸೋ ಗುಂಡಿ ಬಿಟ್‌ಕಾಯಿನ್‌ನಲ್ಲಿ ಇಲ್ಲ.

ಕೊನೆಯ ಉತ್ತರ: "ನಿಮ್ಮ ದೂರು ಮುಕ್ತಾಯವಾಗಿದೆ. ನಮ್ಮ ಸೇವೆ ಹೇಗಿತ್ತು?"

ನನ್ನ ಹತ್ತಿರ ದೊಡ್ಡ ಉಪದೇಶ ಇಲ್ಲ. ಖರ್ಚಿಗೆ ಬೇರೆ ಚಿಕ್ಕ ವಾಲೆಟ್ ಇಡಿ. ದೊಡ್ಡ ತುಂಡನ್ನು, ಅಂದರೆ ಆಗ ಹೇಳಿದ ಇಡೀ ನೋಟನ್ನು, ಯಾರೋ ಅಪರಿಚಿತರ ಮುಂದೆ ಮುರಿಯಬೇಡಿ. ಸ್ಪ್ಯಾರೋ, ಎಲೆಕ್ಟ್ರಮ್ ಥರದ ವಾಲೆಟ್‌ಗಳಲ್ಲಿ ಯಾವ ತುಂಡು ಹೋಗಬೇಕು ಅಂತ ನೀವೇ ಆರಿಸಬಹುದು, ಆರಿಸಿ. ಹಣ ತೆಗೆದುಕೊಳ್ಳುವಾಗ ಪ್ರತಿ ಸಲ ಹೊಸ ಅಡ್ರೆಸ್. ಎಕ್ಸ್‌ಪಬ್ ಅನ್ನೋ ವಾಲೆಟ್‌ನ ಸಾರ್ವಜನಿಕ ಮೂಲ ಕೀ ಯಾರಿಗೂ ಕೊಡಬೇಡಿ, ಅದೊಂದಿದ್ದರೆ ಅದರಿಂದ ಹುಟ್ಟೋ ಅಷ್ಟೂ ಅಡ್ರೆಸ್ ಅವರ ಮುಂದೆ. ಇಥೀರಿಯಂ ಅನ್ನೋ ಇನ್ನೊಂದು ಕ್ರಿಪ್ಟೋದಲ್ಲಿ ಇನ್ನೂ ಕಷ್ಟ, ಅಲ್ಲಿ ತುಂಡಿಲ್ಲ, ಅಡ್ರೆಸ್ ಕೊಟ್ಟರೆ ಅದರಲ್ಲಿರೋ ಇಡೀ ಮೊತ್ತವೇ ಕಾಣುತ್ತೆ.

ಮತ್ತೆ ಮಿಕ್ಸರ್. "ನಮಗೆ ಕಳಿಸಿ, ನಾವು ಬೆರೆಸಿ ಕೊಡ್ತೀವಿ" ಅನ್ನೋರ ಹತ್ತಿರ ಹೋಗಲೇಬೇಡಿ. ನಿಮ್ಮ ಕಾಯಿನ್ ಅವರ ಕೈ ಸೇರಿದ ಮೇಲೆ ಅವರು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ನಿಜವಾದ ಮಿಕ್ಸರ್ ಸಿಕ್ಕಿದರೂ ತಲೆನೋವೇ. ಅಲ್ಲಿಂದ ಬಂದ ಕಾಯಿನ್ ನೋಡಿ, ಕಾಯಿನ್ ಕೊಂಡು ಮಾರೋ ಎಕ್ಸ್‌ಚೇಂಜ್‌ನವರು ನಿಮ್ಮ ಖಾತೆ ತಡೆಹಿಡಿಯಬಹುದು. ಟೊರ್ನಾಡೊ ಕ್ಯಾಶ್ ಅನ್ನೋ ಇಥೀರಿಯಂ ಮಿಕ್ಸರ್ ಮೇಲೆ ಅಮೆರಿಕ 2022ರಲ್ಲಿ ನಿರ್ಬಂಧ ಹಾಕಿ 2025ರಲ್ಲಿ ತೆಗೆದದ್ದು ಗೊತ್ತಿರಬೇಕು. ನಡುವೆ ಬಳಸಿದವರ ಪಾಡು ಯೋಚಿಸಿ. 2013ರಲ್ಲಿ ಬಿಟ್‌ಕಾಯಿನ್ ಡೆವಲಪರ್ ಗ್ರೆಗ್ ಮ್ಯಾಕ್ಸ್‌ವೆಲ್ ಮುಂದಿಟ್ಟ ಕಾಯಿನ್‌ಜಾಯಿನ್ ಅನ್ನೋ ವಿಧಾನದಲ್ಲಿ ಕೀ ನಮ್ಮ ಕೈಯಲ್ಲೇ ಇರುತ್ತೆ, ಎಲ್ಲರೂ ಸೇರಿ ಒಂದೇ ವ್ಯವಹಾರಕ್ಕೆ ಸಹಿ ಹಾಕೋದು ಅಷ್ಟೆ. ಅದನ್ನು ಓದಿಕೊಂಡಿದ್ದರೂ ಸಾಕಿತ್ತು. ಆತುರದಲ್ಲಿ ಓದೋರು ಯಾರು.

ಇವತ್ತು ಬೆಳಿಗ್ಗೆ ಡಿಸೈನರ್ ಮೆಸೇಜು ಮತ್ತೆ ಬಂತು. ಸ್ಕ್ರೀನ್‌ಶಾಟ್, ಅದೇ ಸೊಟ್ಟ ಕೆಂಪು ಗೆರೆ. "ಸರ್, ಆ 0.2 ಯಾರಿಗೆ ಕೊಟ್ರಿ? ನನಗೆ 0.001 ಕೊಡೋಕೆ ಅಷ್ಟು ಯೋಚಿಸಿದ್ರಿ."