ಯೂರಿನ್ ನೋಡಲು ಅಂಬಾಲದ ಎಲ್‌ಇಡಿ ಮೈಕ್ರೋಸ್ಕೋಪ್: ಕ್ರಿಸ್ಟಲ್‌ಗೆ ಓಕೆ, ಕಾಸ್ಟ್‌ಗೆ ಕಷ್ಟ

ರಕ್ತದ ಸ್ಮಿಯರ್ (ಗಾಜಿನ ಮೇಲೆ ತೆಳುವಾಗಿ ಸವರಿದ ರಕ್ತ) ಮಾತ್ರ ನೋಡುವವರಾದರೆ ಈ ಮೈಕ್ರೋಸ್ಕೋಪ್ ಕಣ್ಣುಮುಚ್ಚಿ ತಗೊಳ್ಳಿ, ಮುಂದೆ ಓದುವುದೇ ಬೇಡ. ಬಣ್ಣ ಹಾಕಿದ ಸ್ಲೈಡ್ ಇದರಲ್ಲಿ ಚೆನ್ನಾಗಿಯೇ ಕಾಣುತ್ತದೆ. ಯೂರಿನ್ ಕಥೆ ಬೇರೆ. ಅಲ್ಲಿ ಬಣ್ಣವಿಲ್ಲದ ನೀರಿನಲ್ಲಿ ಬಣ್ಣವಿಲ್ಲದ ಕಾಸ್ಟ್ (ಕಿಡ್ನಿಯ ನಳಿಕೆಯಲ್ಲಿ ಅಚ್ಚಾಗಿ ಬರುವ ತುಣುಕು) ಹುಡುಕಬೇಕು, ಅದೂ ರಿಪೋರ್ಟ್ ಬೇಗ ಕೊಡಿ ಅಂತ ಜನ ಬಾಗಿಲಲ್ಲೇ ನಿಂತಿರುವಾಗ. ನಮ್ಮದು ತಾಲ್ಲೂಕು ಮಟ್ಟದ ಚಿಕ್ಕ ಲ್ಯಾಬ್, ದಿನದ ಕೆಲಸದಲ್ಲಿ ಯೂರಿನ್ನೇ ಜಾಸ್ತಿ. ಹಾಗಾಗಿ ಈ ರಿವ್ಯೂ ಕೂಡ ಅದರ ಬಗ್ಗೆಯೇ.

ಹರಿಯಾಣದ ಅಂಬಾಲದಲ್ಲಿ ತಯಾರಾದ ಬೈನಾಕ್ಯುಲರ್, ಅಂದರೆ ಎರಡೂ ಕಣ್ಣಿಟ್ಟು ನೋಡುವ ಮೈಕ್ರೋಸ್ಕೋಪ್ ಇದು. ಕಂಪನಿ ಹೆಸರು ಬೇಡ. ಬೆಲೆ 20 ಸಾವಿರದ ಆಸುಪಾಸು. ಬ್ಯಾಟರಿ ಬ್ಯಾಕಪ್ ಇದೆ, ಕರೆಂಟ್ ಹೋದಾಗಲೂ ಕೆಲಸ ನಿಲ್ಲುವುದಿಲ್ಲ. ನಮ್ಮ ಕಡೆ ಇದೊಂದಕ್ಕೇ ಅರ್ಧ ದುಡ್ಡು ವಸೂಲಿ. ಹಳೆಯ ಹ್ಯಾಲೋಜನ್ ಬಲ್ಬಿನ ಬಿಸಿ ಇಲ್ಲ. ಸ್ಲೈಡ್ ಇಡುವ ಸ್ಟೇಜ್ ನುಣ್ಣಗೆ ಓಡುತ್ತದೆ. ಇದು ಸಣ್ಣ ವಿಷಯ ಅಲ್ಲ, ಯಾಕಂದ್ರೆ ಕಾಸ್ಟ್‌ಗಳು ಹನಿಯ ಮೇಲೆ ಮುಚ್ಚುವ ತೆಳು ಗಾಜಿನ, ಅಂದರೆ ಕವರ್ ಸ್ಲಿಪ್‌ನ ಅಂಚಿನ ಕಡೆ ಹೋಗಿ ಸೇರಿಕೊಳ್ಳುತ್ತವೆ, ನಾಲ್ಕೂ ಅಂಚು ಸುತ್ತಿ ಬರಬೇಕು. ಡಬ್ಬದ ಮೇಲೆ 1500 ಪಟ್ಟು ದೊಡ್ಡದಾಗಿ ತೋರಿಸುತ್ತದೆ ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದಾರೆ. ಅದರಿಂದ ನಮಗೇನೂ ಆಗಬೇಕಿಲ್ಲ. ಯೂರಿನ್ ಕೆಲಸವೆಲ್ಲ 10ಎಕ್ಸ್ ಮತ್ತು 40ಎಕ್ಸ್ ಆಬ್ಜೆಕ್ಟಿವ್‌ನಲ್ಲೇ (ಸ್ಲೈಡ್ ಕಡೆಯ ಲೆನ್ಸ್) ಮುಗಿಯುತ್ತದೆ.

ಕ್ರಿಸ್ಟಲ್ ವಿಷಯದಲ್ಲಿ ಖುಷಿಯಾಗಿದ್ದೇನೆ. ಕ್ಯಾಲ್ಸಿಯಂ ಆಕ್ಸಲೇಟ್ ಡೈಹೈಡ್ರೇಟ್, ಅದೇ ಲಕೋಟೆ ಹಿಂಬದಿಯ ತರಹ ಅಡ್ಡಗೆರೆ ಇರುವುದು, 10ಎಕ್ಸ್‌ನಲ್ಲೇ ಚುಕ್ಕಿ ಹೊಳೆದಂತೆ ಸಿಗುತ್ತದೆ, 40ಕ್ಕೆ ಹೋದರೆ ಗೆರೆ ಸ್ಪಷ್ಟ. ಕ್ಷಾರ ಯೂರಿನ್‌ನಲ್ಲಿ ಬರುವ ಟ್ರಿಪಲ್ ಫಾಸ್ಫೇಟ್‌ನ ಶವಪೆಟ್ಟಿಗೆ ಮುಚ್ಚಳದ ಆಕಾರವನ್ನು ಹೊಸಬರೂ ಗುರುತಿಸುತ್ತಾರೆ. ಯೂರಿಕ್ ಆಸಿಡ್‌ನಲ್ಲಿ ಮಾತ್ರ ಸ್ವಲ್ಪ ಕೊರತೆ. ಈ ಎಲ್‌ಇಡಿ ಬೆಳಕು ನೀಲಿ ಕಡೆಗೆ ವಾಲಿದೆ, ಹಾಗಾಗಿ ಅದರ ಹಳದಿ-ಕಂದು ಬಣ್ಣ ತೆಳುವಾಗಿ ಹೋಗುತ್ತದೆ. ಬಣ್ಣ ಹೋದರೆ ತೊಂದರೆ ಏನು ಅಂದ್ರೆ, ಯೂರಿಕ್ ಆಸಿಡ್ ಕೆಲವೊಮ್ಮೆ ಆರು ಮೂಲೆಯ ಬಿಲ್ಲೆಯಾಗಿಯೂ ಬರುತ್ತದೆ, ಸಿಸ್ಟೀನ್ ಕೂಡ ಆರು ಮೂಲೆಯದೇ, ಆದರೆ ಅದಕ್ಕೆ ಬಣ್ಣವಿಲ್ಲ, ಎರಡೂ ಆಮ್ಲ ಯೂರಿನ್‌ನಲ್ಲೇ ಬರುವಂಥವು. ಯೂರಿಕ್ ಆಸಿಡ್ ದಿನಾ ಕಾಣುವ ಮಾಲು. ಸಿಸ್ಟೀನ್ ಅಂದರೆ ಹುಟ್ಟಿನಿಂದ ಬಂದ ಕಾಯಿಲೆ, ಮಕ್ಕಳಲ್ಲೂ ಕಲ್ಲು ಮಾಡುತ್ತದೆ. ಇಂಥಲ್ಲಿ ಬಣ್ಣ ಸರಿಯಾಗಿ ಕಾಣಲೇಬೇಕು ಅಲ್ವಾ?

ಈಗ ಕಾಸ್ಟ್‌ಗೆ ಬರುತ್ತೇನೆ. ಕಿಡ್ನಿಯ ಸಣ್ಣ ನಳಿಕೆಯೊಳಗೆ ಟ್ಯಾಮ್-ಹಾರ್ಸ್‌ಫಾಲ್ ಎನ್ನುವ ಪ್ರೋಟೀನ್ ಗಟ್ಟಿಯಾಗಿ, ಅಚ್ಚಿನಿಂದ ಬಿಟ್ಟ ಬೆಲ್ಲದ ಹಾಗೆ ನಳಿಕೆಯದೇ ಆಕಾರದಲ್ಲಿ ಹೊರಗೆ ಬರುತ್ತದೆ. ಅದರ ಮಹತ್ವ ಇಷ್ಟೇ: ಯೂರಿನ್‌ನಲ್ಲಿ ಆರ್‌ಬಿಸಿ (ಕೆಂಪು ರಕ್ತಕಣ) ಇದ್ದರೆ ರಕ್ತ ಕಲ್ಲಿನಿಂದ ಬಂತೋ, ಬ್ಲಾಡರ್‌ನಿಂದ ಬಂತೋ ಗೊತ್ತಾಗುವುದಿಲ್ಲ. ಅದೇ ಆರ್‌ಬಿಸಿ ಕಾಸ್ಟ್ ಒಳಗೆ ಕೂತಿದ್ದರೆ ರಕ್ತ ಕಿಡ್ನಿಯಿಂದಲೇ ಬಂದಿದೆ, ಡಾಕ್ಟರ್ ಮೊದಲು ಯೋಚಿಸುವುದು ಗ್ಲೊಮೆರುಲೊನೆಫ್ರೈಟಿಸ್ (ಕಿಡ್ನಿಯ ಸೋಸುವ ಭಾಗದ ಉರಿಯೂತ) ಬಗ್ಗೆ. ಕೆಸರಿನ ಬಣ್ಣದ ಗ್ರಾನ್ಯುಲರ್ ಕಾಸ್ಟ್ ರಾಶಿ ಕಂಡರೆ ನಳಿಕೆಗಳಿಗೇ ಪೆಟ್ಟು ಬಿದ್ದಿರಬಹುದು. ಇದನ್ನೆಲ್ಲ ಯೂರಿನ್‌ನಲ್ಲಿ ಅದ್ದಿ ಬಣ್ಣ ನೋಡುವ ಸ್ಟ್ರಿಪ್ ಹೇಳುವುದಿಲ್ಲ. ಸ್ಟ್ರಿಪ್‌ನಲ್ಲಿ ಕಾಸ್ಟ್‌ಗೆ ಪ್ಯಾಡೇ ಇಲ್ಲ.

ಹೈಲೈನ್ ಕಾಸ್ಟ್, ಅಂದರೆ ಒಳಗೆ ಕಣಗಳಿಲ್ಲದ ಪಾರದರ್ಶಕ ಕಾಸ್ಟ್, ಬೆಳಕನ್ನು ಬಾಗಿಸುವುದು ಹೆಚ್ಚುಕಡಿಮೆ ಸುತ್ತಲಿನ ಯೂರಿನ್‌ನಷ್ಟೇ. ಬೆಳಕು ಜೋರಾಗಿದ್ದರೆ ಕಣ್ಣೆದುರೇ ಮಾಯ. ಕಂಡೆನ್ಸರ್ (ಸ್ಟೇಜ್ ಕೆಳಗೆ ಬೆಳಕು ಒಟ್ಟುಮಾಡುವ ಲೆನ್ಸ್) ಸ್ವಲ್ಪ ಇಳಿಸಿ, ಐರಿಸ್ (ಅದರ ಬೆಳಕಿನ ಕಿಂಡಿ) ಮುಚ್ಚಿ, ಫೈನ್ ಫೋಕಸ್ ಹಿಂದೆಮುಂದೆ ಆಡಿಸುತ್ತಿದ್ದರೆ ಅಂಚು ಮೆಲ್ಲಗೆ ಮೂಡುತ್ತದೆ. ಈ ಮೆಷಿನ್ ಸೋಲುವುದು ಇಲ್ಲೇ. ಐರಿಸ್ ಲಿವರ್ ಸಡಿಲ, ಇಟ್ಟಲ್ಲಿ ನಿಲ್ಲದೆ ತಾನಾಗಿ ತೆರೆದುಕೊಳ್ಳುತ್ತದೆ. ಕಂಡೆನ್ಸರ್ ಬೇಕಾದ ಎತ್ತರಕ್ಕೆ ತಂದು ಬಿಟ್ಟರೆ ಒಂದಿಷ್ಟು ಹೊತ್ತಿಗೆ ಪೂರ್ತಿ ಕೆಳಗೆ ಜಾರಿರುತ್ತದೆ. ಡಿಮ್ಮರ್ ಕೊನೆಯ ತುದಿಗೆ ತಿರುಗಿಸಿದರೂ 10ಎಕ್ಸ್‌ನಲ್ಲಿ ಕಣ್ಣು ಚುಚ್ಚುತ್ತದೆ. ಮಾರುವವರನ್ನು ಕೇಳಿದರೆ "ಡಿಮ್ಮರ್ ಇದೆಯಲ್ಲ ಸಾರ್, ಅದನ್ನೇ ಕಡಿಮೆ ಮಾಡಿ" ಅಂತಾರೆ. ಡಿಮ್ಮರ್‌ನಿಂದ ಬೆಳಕು ಮಂಕಾಗುತ್ತದೆ ಅಷ್ಟೇ, ಅಂಚು ಎದ್ದು ಕಾಣುವುದು ಐರಿಸ್‌ನಿಂದ. ಮೈಕ್ರೋಸ್ಕೋಪ್ ಮಾರುವವರಿಗೆ ಇಷ್ಟು ಗೊತ್ತಿರಬೇಕಿತ್ತು.

ಎಷ್ಟೋ ರಿಪೋರ್ಟ್‌ಗಳಲ್ಲಿ "ಕಾಸ್ಟ್: ನಿಲ್" ಅಂತ ಅಚ್ಚೊತ್ತಿದಂತೆ ಬರುತ್ತದಲ್ಲ, ಅದರಲ್ಲಿ ಒಂದು ಪಾಲು ಇಂಥ ಬೆಳಕಿನದು ಅಂತ ನನ್ನ ಅನುಮಾನ. ಉಳಿದದ್ದು ಅವಸರದ್ದು. ಸ್ಯಾಂಪಲ್ 2 ಗಂಟೆಯೊಳಗೆ ನೋಡಬೇಕು. ಕ್ಷಾರವಾದ, ತೀರಾ ತೆಳುವಾದ ಯೂರಿನ್‌ನಲ್ಲಿ ಕಾಸ್ಟ್ ಕರಗಿಹೋಗುತ್ತದೆ. ಫ್ರಿಜ್‌ನಲ್ಲಿಟ್ಟರೆ ಅಮಾರ್ಫಸ್ (ಆಕಾರವಿಲ್ಲದ) ಪುಡಿ ಇಳಿದು ಫೀಲ್ಡ್ ತುಂಬಾ ಮರಳು. ಸೆಂಟ್ರಿಫ್ಯೂಜ್‌ನಲ್ಲಿ 10 ಎಂಎಲ್ ಹಾಕಿ, 400 ಜಿ (ಗುರುತ್ವದ 400 ಪಟ್ಟು) ಬಲದಲ್ಲಿ 5 ನಿಮಿಷ ಸಾಕು. ಬೇಗ ಆಗಲಿ ಅಂತ ವೇಗ ಏರಿಸಿದರೆ ಕಾಸ್ಟ್ ಮುರಿಯುತ್ತದೆ. ಇದೆಲ್ಲ ಸರಿ ಮಾಡಿಕೊಂಡು ಕೊನೆಗೆ ಐರಿಸ್ ಕೈಕೊಟ್ಟರೆ ಸಿಟ್ಟು ಬರದೇ ಇರುತ್ತಾ?

ಈಗ ನಾನು ಮಾಡಿಕೊಂಡಿರುವ ರಿಪೇರಿ. ಫಿಲ್ಟರ್ ಇಡುವ ಜಾಗದಲ್ಲಿ ಬಟರ್ ಪೇಪರ್ ಬಿಲ್ಲೆ ಕತ್ತರಿಸಿ ಇಟ್ಟಿದ್ದೇನೆ, ಕಣ್ಣು ಚುಚ್ಚುವುದು ನಿಂತಿದೆ. ಐರಿಸ್ ಲಿವರ್‌ಗೆ ಸಣ್ಣ ಟೇಪ್. ಇನ್ನೊಂದು, ಬೆಳಕನ್ನು ಒಂದೇ ದಿಕ್ಕಿನ ಕಂಪನಕ್ಕೆ ಸೋಸುವ ಪೋಲರೈಸಿಂಗ್ ಫಿಲ್ಮ್ ತರಿಸಿ ಒಂದು ತುಂಡು ಲೈಟ್ ಮೇಲೆ, ಇನ್ನೊಂದು ತಲೆಭಾಗ ಬಿಚ್ಚಿ ಅದರ ಕೆಳಗೆ ಇಟ್ಟೆ. ಈ ಮಾಡೆಲ್‌ನಲ್ಲಿ ತಲೆಭಾಗ ಒಂದೇ ಸ್ಕ್ರೂನಲ್ಲಿ ಬಿಚ್ಚಿಕೊಳ್ಳುವುದು ನಿಜಕ್ಕೂ ಅನುಕೂಲ. ಕೆಳಗಿನ ತುಂಡು ತಿರುಗಿಸಿ ಫೀಲ್ಡ್ ಕಪ್ಪು ಮಾಡಿದರೆ ಯೂರಿಕ್ ಆಸಿಡ್ ಬಣ್ಣಬಣ್ಣವಾಗಿ ಉರಿಯುತ್ತದೆ. ಆರ್‌ಬಿಸಿ ತರಹವೇ ಮೊಟ್ಟೆಯಾಕಾರದಲ್ಲಿ ಕಾಣುವ ಆಕ್ಸಲೇಟ್ ಮಾನೋಹೈಡ್ರೇಟ್ ಹೊಳೆಯುತ್ತದೆ, ಆರ್‌ಬಿಸಿ ಹೊಳೆಯುವುದಿಲ್ಲ, ಜಗಳ ಅಲ್ಲಿಗೆ ಮುಗಿಯಿತು. ಹತ್ತಿ ಎಳೆ, ಡೈಪರ್ ನಾರು ಮೇಣದಂತೆ ಕಾಣುವ ವ್ಯಾಕ್ಸಿ ಕಾಸ್ಟ್‌ನ ವೇಷ ಹಾಕಿಕೊಂಡು ಬರುತ್ತವೆ, ಸಾಮಾನ್ಯವಾಗಿ ಅವೂ ಹೊಳೆದು ಸಿಕ್ಕಿಬೀಳುತ್ತವೆ. ಕತ್ತಲಲ್ಲಿ ನಾಲ್ಕು ಎಸಳಿನ ಶಿಲುಬೆ ಕಂಡರೆ ಮಾತ್ರ ಕುಣಿಯಬೇಡಿ. ಕಿಡ್ನಿ ಕಾಯಿಲೆಯ ಸುಳಿವಾಗುವ ಕೊಬ್ಬಿನ ಹನಿಯೂ ಹಾಗೆ ಕಾಣುತ್ತದೆ, ಗ್ಲೌಸ್ ಪುಡಿಯ ಸ್ಟಾರ್ಚ್ ಕೂಡ ಹಾಗೆಯೇ.

ಸರ್ವಿಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಡೀಲರ್ ಫೋನ್ ಎತ್ತುತ್ತಾರೆ, ಬರುವುದಿಲ್ಲ. ಕಂಡೆನ್ಸರ್ ಜಾರುವುದಕ್ಕೆ ಪಾರ್ಟ್ ಬರಬೇಕು ಅಂದವರು ಇನ್ನೂ ಅದನ್ನೇ ಹೇಳುತ್ತಿದ್ದಾರೆ.

5ಕ್ಕೆ 3 ಸ್ಟಾರ್. ಬಜೆಟ್ ಇಷ್ಟೇ ಇದ್ದು ಇಂಥದ್ದನ್ನೇ ಕೊಳ್ಳಬೇಕಾದರೆ ಡೆಮೋಗೆ ಬಂದವರು ತಮ್ಮ ಬ್ಯಾಗಿನಿಂದ ತೆಗೆಯುವ ಬಣ್ಣದ ಸ್ಲೈಡ್ ನೋಡಿ ಒಪ್ಪಬೇಡಿ. ನಿಮ್ಮದೇ ಲ್ಯಾಬಿನ ಆಗ ತಾನೇ ತಿರುಗಿಸಿದ ಯೂರಿನ್ ಡೆಪಾಸಿಟ್ ಇಡಿ, 10ಎಕ್ಸ್‌ಗೆ ಹಾಕಿ, ಐರಿಸ್ ಅರ್ಧ ಮುಚ್ಚಿ, ಅವರಿಗೆ ಟೀ ತರಿಸಿ. ಟೀ ಮುಗಿಯುವಷ್ಟರಲ್ಲಿ ಕಂಡೆನ್ಸರ್ ಇಳಿದಿದ್ದರೆ ಆ ಪೀಸ್ ವಾಪಸ್ ಕಳಿಸಿ.